ಬೂದಿ ಬಲ್ಲವರ ಬಟ್ಟಲು

ಜಪಾನಿನ ಹೊನ್‌ಶೂ ದ್ವೀಪದ ಪಡುವಣ ತುದಿಯಲ್ಲಿ, ಯಮಾಗುಚಿ ಪ್ರಾಂತದ ಕಡಲಂಚಿನಲ್ಲಿ ಹಗಿ ಎಂಬ ಊರಿದೆ. ಅಲ್ಲಿನ ಚಹಾ ಬಟ್ಟಲನ್ನು ಹೊಸದಾಗಿ ಕೊಂಡವರು ಮೊದಲ ದಿನವೇ ಗಾಬರಿಪಡುವುದುಂಟು. ಚಹಾ ಹೊಯ್ದಿಟ್ಟ ಸ್ವಲ್ಪ ಹೊತ್ತಿಗೆ ಅಡಿ ಒದ್ದೆಯಾಗಿ ಮೇಜಿನ ಮೇಲೆ ತೇವದ ಬಳೆ ಮೂಡುತ್ತದೆ. ಮೈಮೇಲಿನ ಗಾಜಿನಂಥ ಪದರದ ತುಂಬ ಕೂದಲೆಳೆಯಷ್ಟು ಸಣ್ಣ ಬಿರುಕುಗಳು. ಅಂಚು ಒಂದು ಕಡೆ ತುಸು ಏರಿ, ಇನ್ನೊಂದು ಕಡೆ ಇಳಿದಿದೆ. ಬುಡದಲ್ಲಿ ಆ ಗಾಜಿನ ಪದರ ಪೂರ್ತಿ ಹರಿದಿಲ್ಲ, ಬರಿ ಮಣ್ಣು ಕಾಣುತ್ತದೆ. ಬಟ್ಟಲು ನಿಲ್ಲುವ ಕೆಳಗಿನ ಬಳೆಗೆ ಯಾರೋ ಚಾಕು ಹಾಕಿ ಕಚ್ಚು ಮಾಡಿದಂತಿದೆ.

ಇದೇಕೆ ಹೀಗೆ ಎಂದು ಕೇಳಿದರೆ ಎಲ್ಲೆಡೆ ಒಂದೇ ಸಿದ್ಧ ಉತ್ತರ ಸಿಗುತ್ತದೆ: ಜಪಾನೀಯರು ಅಪೂರ್ಣತೆಯಲ್ಲಿ ಸೌಂದರ್ಯ ಕಾಣುವವರು, ಊನವನ್ನು ಪ್ರೀತಿಸುವವರು, ಆಕಸ್ಮಿಕಕ್ಕೆ ತಲೆಬಾಗುವವರು. ಒಡೆದ ಬಟ್ಟಲನ್ನು ಮರದ ಅಂಟು ಮತ್ತು ಚಿನ್ನದ ಪುಡಿಯಿಂದ ಬೆಸೆಯುವ ಕಿಂತ್ಸುಗಿಯ ಚಿತ್ರವನ್ನು ಅಂಟಿಸಿಕೊಂಡು ಈ ಮಾತು ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಿಗೂ ಬಂದು ತಲುಪಿದೆ. ಅದನ್ನು ಜಗತ್ತಿಗೆ ಹಬ್ಬಿಸಿದವರಲ್ಲಿ ಒಕಾಕುರಾ ಕಾಕುಜೊ ಮುಖ್ಯರು. 1901–02ರಲ್ಲಿ ಭಾರತಕ್ಕೆ ಬಂದು ವಿವೇಕಾನಂದರೊಡನೆ, ಕಲ್ಕತ್ತೆಯ ಟಾಗೋರ್ ಮನೆತನದವರೊಡನೆ ಒಡನಾಡಿದ ಒಕಾಕುರಾ ಇವರೇ. 1906ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಚಹಾ ಕುರಿತ ಚಿಕ್ಕ ಪುಸ್ತಕದಲ್ಲಿ ಅವರು, ಅಪೂರ್ಣವಾದುದರ ಆರಾಧನೆಯೇ ಚಹಾ ಸಂಪ್ರದಾಯದ ತಿರುಳು ಎಂಬ ಅರ್ಥದ ಮಾತಾಡಿದರು. ಕಾರ್ಖಾನೆಯ ಸರಕಿನ ಏಕತಾನತೆಯಿಂದ ದಣಿದಿದ್ದ ಪಶ್ಚಿಮದ ಓದುಗರಿಗೆ ಅದು ತಂಪೆರೆಯಿತು. ಒಕಾಕುರಾ ಹೇಳಬಯಸಿದ್ದು ಆಳವಾದ ಧಾರ್ಮಿಕ ವಿಚಾರ; ಅದರಿಂದ ಉಳಿದುಕೊಂಡದ್ದು ಮಾತ್ರ ಸಮಾಧಾನ ಹೇಳುವ ಒಂದು ಘೋಷವಾಕ್ಯ.

ಆ ಘೋಷವಾಕ್ಯ ತಪ್ಪು ಎಂಬುದು ನನ್ನ ವಾದ. ಹಗಿಯ ಬಟ್ಟಲಿನಲ್ಲಿ ನಾವು ಊನವೆಂದು ಓದುವ ಗುರುತುಗಳಲ್ಲಿ ಹೆಚ್ಚಿನವು ಬಲ್ಲವರು ಬಯಸಿ, ಅಳೆದು, ಬೆಂಕಿಯ ಕೈಯಿಂದ ಪಡೆದವು. ಅವನ್ನು ಅಪೂರ್ಣತೆ ಎಂದು ಕರೆದ ಕೂಡಲೇ ಆ ತಿಳಿವು ಮರೆಯಾಗುತ್ತದೆ. ತಿಳಿವನ್ನು ಹೊತ್ತು ತಂದ ಜನರೂ, ಅವರು ಹೇಗೆ ಬಂದರೆಂಬ ಚರಿತ್ರೆಯೂ ಅದರ ಜೊತೆಗೇ ಮರೆಯಾಗುತ್ತವೆ.

ಮೊದಲು ಗ್ಲೇಜಿನ ವಿಷಯ. ಗ್ಲೇಜ್ ಎಂದರೆ ಮಣ್ಣಿನ ಪಾತ್ರೆಯ ಮೇಲೆ ಕರಗಿ ಅಂಟಿಕೊಂಡ ಗಾಜು. ಗಾಜಿನ ಮೂಲದ್ರವ್ಯ ಸಿಲಿಕಾ, ಅಂದರೆ ಮರಳಿನ ಸತ್ವ. ಅದೊಂದನ್ನೇ ಕರಗಿಸಬೇಕಾದರೆ 1,700 ಡಿಗ್ರಿ ಸೆಲ್ಸಿಯಸ್ ಮೀರಿದ ಕಾವು ಬೇಕು. ಸೌದೆಯ ಆವಿಗೆಯಲ್ಲಿ ಅಷ್ಟು ಕಾವು ಬಾರದು. 1,200ರಿಂದ 1,300 ಡಿಗ್ರಿ ಬಂದರೆ ದೊಡ್ಡದು. ಅಷ್ಟರಲ್ಲೇ ಕರಗಬೇಕೆಂದರೆ ಸುಣ್ಣದ ಅಂಶವನ್ನೂ ಕ್ಷಾರವನ್ನೂ ಬೆರೆಸಬೇಕು. ಈ ಎರಡೂ ಮರದ ಬೂದಿಯಲ್ಲಿವೆ. ಫೆಲ್ಡ್‌ಸ್ಪಾರ್ ಎಂಬ ಕಲ್ಲನ್ನು ಪುಡಿಮಾಡಿ, ಮರದ ಬೂದಿಯೊಂದಿಗೆ ನೀರಿನಲ್ಲಿ ಕಲಸಿ, ಬಟ್ಟಲನ್ನು ಅದರಲ್ಲಿ ಅದ್ದಿ ಸುಟ್ಟರೆ ತೆಳುವಾದ, ಪಾರದರ್ಶಕವಾದ ಮೆರುಗು ಬರುತ್ತದೆ. ಹಗಿಯ ಹಳೆಯ ಗ್ಲೇಜುಗಳಲ್ಲಿ ಇದು ಒಂದು. ಇದರ ಕೆಳಗಿನ ಮಣ್ಣು ಕಬ್ಬಿಣದ ಅಂಶಕ್ಕೆ ಮತ್ತು ಆವಿಗೆಯೊಳಗಿನ ಗಾಳಿಗೆ ತಕ್ಕಂತೆ ಬಣ್ಣ ತಾಳುತ್ತದೆ. ಗಾಳಿ ಚೆನ್ನಾಗಿ ಆಡಿದರೆ ಹಣ್ಣಾದ ಲೋಕಾಟಿನ ಸಿಪ್ಪೆಯಂಥ ಹಳದಿಗೆಂಪು, ಹೊಗೆ ತುಂಬಿ ಉಸಿರುಗಟ್ಟಿದರೆ ನೀಲಿ ಬೆರೆತ ಬೂದು.

ಇನ್ನೊಂದು ಗ್ಲೇಜ್ ಬಿಳಿಯದು, ಭತ್ತದ ಹುಲ್ಲಿನ ಬೂದಿಯದು. ಭತ್ತದ ಗಿಡ ನೆಲದಿಂದ ಸಿಲಿಕಾವನ್ನು ಹೀರಿ ಕಾಂಡದಲ್ಲೂ ಎಲೆಯಲ್ಲೂ ಕೂಡಿಡುತ್ತದೆ. ಹುಲ್ಲು ಹಿಡಿದು ಎಳೆದರೆ ಕೈ ಕೊಯ್ಯುವುದು ಅದರಿಂದಲೇ. ಸುಟ್ಟ ಮೇಲೆ ಉಳಿಯುವ ಬೂದಿಯಲ್ಲಿ ಮುಕ್ಕಾಲು ಪಾಲು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು, ಸಿಲಿಕಾ. ಹುಲ್ಲು ಪೂರ್ತಿ ಬೆಳ್ಳಗಾಗುವ ಮೊದಲು, ಕರಿದಾಗಿರುವಾಗಲೇ ನೀರು ಚಿಮುಕಿಸಿ ಆರಿಸುತ್ತಾರೆ, ಆಮೇಲೆ ನುಣ್ಣಗೆ ಅರೆಯುತ್ತಾರೆ. ಇದನ್ನು ಫೆಲ್ಡ್‌ಸ್ಪಾರ್ ಮತ್ತು ಮರದ ಬೂದಿಯ ಜೊತೆ ಬೆರೆಸಿದಾಗ ಕಾವಿನಲ್ಲಿ ಸಿಲಿಕಾ ಅಷ್ಟೂ ಗಾಜಿನೊಳಗೆ ಒಂದಾಗಿ ಕರಗುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ, ಕಣಗಳಾಗಿ, ಗುಳ್ಳೆಗಳ ನಡುವೆ ನಿಂತುಬಿಡುತ್ತದೆ. ಬೆಳಕು ಅವುಗಳಿಗೆ ತಾಗಿ ಚದುರುವುದರಿಂದ ಗ್ಲೇಜ್ ಬೆಳ್ಳಗೆ, ಮಂದವಾಗಿ ಕಾಣುತ್ತದೆ. ಹೀಗೆ ಆ ಬಿಳುಪಿನಲ್ಲಿ ಯಾವ ಬಿಳಿ ಬಣ್ಣದ ವಸ್ತುವೂ ಇಲ್ಲ. ಅರೆ ಕರಗಿದ ಸ್ಥಿತಿಯಲ್ಲಿ ಬೆಂಕಿಯನ್ನು ನಿಲ್ಲಿಸಿದ್ದರ ಫಲ ಅದು. ಸ್ವಲ್ಪ ಹೆಚ್ಚು ಸುಟ್ಟರೆ ಬಿಳುಪು ಕರಗಿ ಬುಡಕ್ಕೆ ಇಳಿಯುತ್ತದೆ, ಕಡಿಮೆ ಸುಟ್ಟರೆ ಒಣ ಸುಣ್ಣದಂತೆ ಒರಟಾಗಿ ಉಳಿಯುತ್ತದೆ. ಬೂದಿಯ ಗುಣವೋ, ಮರ ಬೆಳೆದ ನೆಲದಿಂದ ನೆಲಕ್ಕೆ ಬೇರೆ. ಅದರಲ್ಲಿರುವ ಹೆಚ್ಚಿನ ಕ್ಷಾರದ ಅಂಶ ತೆಗೆಯಲು ಮತ್ತೆ ಮತ್ತೆ ನೀರು ಬದಲಿಸಿ ತೊಳೆಯಬೇಕು. ಎಷ್ಟು ಸಲ ತೊಳೆಯಬೇಕು ಎನ್ನುವುದೂ ಪಾಕದ ಒಂದು ಭಾಗ.

ಈಗ ಆ ಬಿರುಕುಗಳಿಗೆ ಬರೋಣ, ಏಕೆಂದರೆ ವಾದ ನಿಂತಿರುವುದು ಅಲ್ಲಿ. ಸುಟ್ಟ ಬಟ್ಟಲು ಆರುವಾಗ ಮಣ್ಣೂ ಕುಗ್ಗುತ್ತದೆ, ಮೇಲಿನ ಗಾಜೂ ಕುಗ್ಗುತ್ತದೆ. ಸೋಡಿಯಂ, ಪೊಟ್ಯಾಸಿಯಂ ಹೆಚ್ಚಿರುವ ಗ್ಲೇಜ್ ಮಣ್ಣಿಗಿಂತ ಹೆಚ್ಚು ಕುಗ್ಗುತ್ತದೆ. ಮಣ್ಣು ಬಿಡುವುದಿಲ್ಲ, ಗಾಜಿಗೆ ಎಳೆತ ತಡೆಯುವ ಶಕ್ತಿ ಕಡಿಮೆ. ಹಾಗಾಗಿ ಮೈತುಂಬ ಸೀಳುತ್ತದೆ. ಆವಿಗೆ ತೆರೆದಾಗ ಬಟ್ಟಲುಗಳು ಕಿಣಿಕಿಣಿ ಸದ್ದು ಮಾಡುವುದು ಇದರಿಂದ. ತಟ್ಟೆ ಬಟ್ಟಲು ತಯಾರಿಸುವ ಕಾರ್ಖಾನೆಯಲ್ಲಿ ಇದು ಶುದ್ಧ ದೋಷ, ಅಂಥ ಮಾಲು ಹೊರಬೀಳುವುದಿಲ್ಲ. ಅದನ್ನು ತಡೆಯುವುದು ಹೇಗೆಂಬುದೂ ಗೊತ್ತಿರುವ ಸಂಗತಿಯೇ: ಗ್ಲೇಜಿನಲ್ಲಿ ಸಿಲಿಕಾ ಹೆಚ್ಚಿಸಿ, ಕ್ಷಾರ ತಗ್ಗಿಸಿ, ಮಣ್ಣಿನ ಕುಗ್ಗುವಿಕೆಗೆ ಹೊಂದಿಸಿದರೆ ಸಾಕು. ಹಗಿಯವರು ಹೊಂದಿಸದೆ ಬಿಟ್ಟದ್ದು ಗೊತ್ತಿಲ್ಲದೆ ಅಲ್ಲ. ಅವರ ಬಟ್ಟಲು ಮಾಡಬೇಕಾದ ಕೆಲಸಕ್ಕೆ ಬಿರುಕು ಬೇಕು.

ಆ ಕೆಲಸ ಯಾವುದು? ಹಗಿಯ ಮುಖ್ಯ ಮಣ್ಣು ದಾಯಿದೋ ಎಂಬ ಕಡೆಯಿಂದ ಬರುವ ಬಿಳಿಚು ಜೇಡಿ. ಮರಳು ಮರಳಾಗಿರುತ್ತದೆ, ಕಾವಿಗೆ ಸುಲಭವಾಗಿ ಬಗ್ಗುವುದಿಲ್ಲ. ಅದಕ್ಕೆ ಮಿತಾಕೆ ಎಂಬ ಇನ್ನೊಂದು ಬಿಳಿಮಣ್ಣನ್ನೂ, ಕಡಲ ನಡುವಿನ ಮಿಶಿಮಾ ದ್ವೀಪದ ಕಬ್ಬಿಣ ತುಂಬಿದ ಮಣ್ಣನ್ನೂ ಬೇಕಾದಷ್ಟೇ ಸೇರಿಸುತ್ತಾರೆ. ಈ ಮಿಶ್ರಣ ಸುಟ್ಟ ಮೇಲೂ ಕಲ್ಲಿನಂತೆ ಬಿಗಿಯುವುದಿಲ್ಲ. ಒಳಗೆ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಆ ರಂಧ್ರಗಳಲ್ಲಿ ಗಾಳಿ ಇರುವುದರಿಂದ ಕಾವು ನಿಧಾನವಾಗಿ ಹಾಯುತ್ತದೆ: ಬಿಸಿ ಚಹಾ ಹೊಯ್ದ ಬಟ್ಟಲನ್ನು ಎರಡೂ ಅಂಗೈಯಲ್ಲಿ ಹಿಡಿದರೆ ಸುಡುವುದಿಲ್ಲ, ಚಹಾ ಬೇಗ ಆರುವುದೂ ಇಲ್ಲ. ಬಟ್ಟಲಿಗೆ ಹಿಡಿಕೆ ಇಲ್ಲದ ನಾಡಿನಲ್ಲಿ ಇದು ಸಣ್ಣ ವಿಷಯವಲ್ಲ. ಬಳಸುತ್ತಾ ಹೋದಂತೆ ಬಿರುಕಿನ ದಾರಿಯಲ್ಲಿ ಚಹಾ ಒಳಗಿಳಿದು, ರಂಧ್ರಗಳಲ್ಲಿ ಕೂತು, ವರುಷಗಳಲ್ಲಿ ಬಟ್ಟಲಿನ ಬಣ್ಣವನ್ನೇ ಬದಲಿಸುತ್ತದೆ. ಹಗಿಯ ಏಳು ರೂಪಾಂತರ ಎಂದು ಚಹಾ ಬಲ್ಲವರು ಹೇಳುವುದು ಇದನ್ನು. ಹೊಸ ಬಟ್ಟಲು ಒಸರುವುದನ್ನು ತಡೆಯಲು ಅಕ್ಕಿ ತೊಳೆದ ನೀರಿನಲ್ಲೋ ತಿಳಿಗಂಜಿಯಲ್ಲೋ ಅದನ್ನು ಕುದಿಸುವ ಪದ್ಧತಿ ಅಲ್ಲಿದೆ. ಗಂಜಿಯ ಪಿಷ್ಟ ರಂಧ್ರಗಳನ್ನು ತುಂಬುತ್ತದೆ. ಮೀನು ಸಾರಿಗೆಂದು ತಂದ ಹೊಸ ಮಣ್ಣಿನ ಗಡಿಗೆಯನ್ನು ಗಂಜಿನೀರಿನಿಂದ ಪಳಗಿಸುವ ಕರಾವಳಿಯ ಮನೆಗಳವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಗಡಿಗೆ ಒಸರಿತೆಂದು ಅದನ್ನು ಅಪೂರ್ಣತೆಯ ಸೌಂದರ್ಯ ಎಂದು ಅವರು ಕೊಂಡಾಡುವುದಿಲ್ಲ. ಮಣ್ಣಿನ ಗುಣ ಬಲ್ಲವರು ಮಾಡುವ ಕೆಲಸ ಮಾಡುತ್ತಾರೆ, ಅಷ್ಟೆ.

ಕೆಳಗಿನ ಬಳೆಯ ಕಚ್ಚಿನ ಬಗ್ಗೆ ಒಂದು ಕತೆ ಪ್ರವಾಸಿಗರಿಗೆಲ್ಲ ಸಿಗುತ್ತದೆ. ದೊರೆಗೆ ಮೀಸಲಾದ ಬಟ್ಟಲುಗಳನ್ನು ಸಾಮಾನ್ಯರೂ ಬಳಸುವಂತಾಗಲಿ ಎಂದು ಕುಂಬಾರರು ಬೇಕೆಂದೇ ಊನ ಮಾಡಿದರಂತೆ. ಕೇಳಲು ಚೆನ್ನಾಗಿದೆ. ಆದರೆ ಹಗಿಗೆ ಮಾದರಿಯಾದ ಕೊರಿಯದ ಬಟ್ಟಲುಗಳಲ್ಲೇ ಇಂಥ ಕಚ್ಚುಗಳಿದ್ದವು. ಹಾಗಿರುವಾಗ ಆ ಕತೆಯನ್ನು ನಂಬಲು ನನಗೆ ಕಾರಣ ಕಾಣುವುದಿಲ್ಲ. ಊನದ ಸಿದ್ಧಾಂತ ಒಮ್ಮೆ ಬೇರೂರಿದರೆ ತನಗೆ ಬೇಕಾದ ಕತೆಗಳನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ.

ಇದಕ್ಕೆ ಬಲವಾದ ಪ್ರತಿವಾದವಿದೆ, ಅದನ್ನು ಬದಿಗೊತ್ತಲಾಗದು. ಸೌದೆಯ ಆವಿಗೆಯಲ್ಲಿ ಬೂದಿ ಎಲ್ಲಿ ಹಾರಿ ಕೂರುತ್ತದೆ, ಜ್ವಾಲೆ ಯಾವ ಬಟ್ಟಲನ್ನು ಎಷ್ಟು ನೆಕ್ಕುತ್ತದೆ ಎನ್ನುವುದನ್ನು ಯಾರೂ ಪೂರ್ತಿ ಹತೋಟಿಗೆ ತಂದಿಲ್ಲ. ಒಂದೇ ದಿನ ಒಂದೇ ಕೈ ಮಾಡಿದ ಬಟ್ಟಲುಗಳು ಒಂದೊಂದು ಬಣ್ಣಕ್ಕೆ ಬರುತ್ತವೆ. ಅಲ್ಲದೆ 16ನೆಯ ಶತಮಾನದ ಚಹಾ ಗುರು ಸೆನ್ ನೊ ರಿಕ್ಯೂ ಮತ್ತು ಅವನ ಬಳಗದವರು ಚೀನದ ನಯವಾದ ಬಟ್ಟಲುಗಳ ಪಕ್ಕದಲ್ಲಿ ಒರಟು ಬಟ್ಟಲುಗಳನ್ನು ಇಟ್ಟು ಇವನ್ನೇ ಮೇಲೆಂದದ್ದು ನಿಜ. ಆಕಸ್ಮಿಕ ಇಲ್ಲವೆಂದು ನಾನು ಹೇಳುತ್ತಿಲ್ಲ. ಆಕಸ್ಮಿಕಕ್ಕೆ ಆಡಲು ಎಷ್ಟು ಜಾಗ ಬಿಡಬೇಕು ಎಂದು ಗೊತ್ತುಮಾಡಿದವರು ಇದ್ದರು ಎನ್ನುತ್ತಿದ್ದೇನೆ. ಯಾವ ಬಟ್ಟಲನ್ನು ಆವಿಗೆಯ ಯಾವ ಮೂಲೆಯಲ್ಲಿ ಇಡಬೇಕು, ಸೌದೆ ಯಾವಾಗ ತುರುಕಬೇಕು, ಯಾವಾಗ ಬಾಯಿ ಮುಚ್ಚಬೇಕು, ಹೊರಬಂದ ಮೇಲೆ ಯಾವುದನ್ನು ಇಟ್ಟುಕೊಂಡು ಯಾವುದನ್ನು ಒಡೆದು ಬೋಕಿ ಮಾಡಬೇಕು – ಈ ತೀರ್ಮಾನಗಳಲ್ಲಿ ಒಂದೂ ಆಕಸ್ಮಿಕವಲ್ಲ. ಹಳೆಯ ಆವಿಗೆಗಳ ಸುತ್ತ ನೆಲ ಅಗೆದಾಗ ಸಿಗುವ ಬೋಕಿಯ ರಾಶಿಗಳು ಆ ಕುಂಬಾರರು ಎಷ್ಟನ್ನು ತಿರಸ್ಕರಿಸಿದರು ಎನ್ನುವುದಕ್ಕೆ ಸಾಕ್ಷಿ. ಅಪೂರ್ಣತೆಯನ್ನೇ ಆರಾಧಿಸುವವರಿಗೆ ಅಷ್ಟೊಂದು ತಿರಸ್ಕರಿಸುವ ಅಗತ್ಯ ಬೀಳುತ್ತಿರಲಿಲ್ಲ.

ಇಷ್ಟಕ್ಕೇ ಆಗಿದ್ದರೆ ಇದು ರುಚಿಯ ಚರ್ಚೆಯಾಗಿ ಮುಗಿಯುತ್ತಿತ್ತು. ಈ ಬಟ್ಟಲು ಹಗಿಗೆ ಬಂದ ದಾರಿ ಅದನ್ನು ಅಲ್ಲಿಗೆ ಬಿಡುವುದಿಲ್ಲ.

ರಿಕ್ಯೂನ ಕಾಲದ ಚಹಾ ರಸಿಕರು ಅತ್ಯಂತ ಬೆಲೆ ಕೊಟ್ಟದ್ದು ಕೊರಿಯದ ಬಟ್ಟಲುಗಳಿಗೆ, ಅದರಲ್ಲೂ ಇದೊ ಎಂದು ಹೆಸರಾದ ಬಗೆಗೆ. 1591ರಲ್ಲಿ ರಿಕ್ಯೂ ಆತ್ಮಹತ್ಯೆ ಮಾಡಿಕೊಳ್ಳುವಂತೆ ಆಜ್ಞಾಪಿಸಿದ ತೊಯೊತೊಮಿ ಹಿದೆಯೊಶಿ ಮರುವರ್ಷವೇ ಕೊರಿಯದ ಮೇಲೆ ದಂಡೆತ್ತಿದ. 1592ರಿಂದ 1598ರವರೆಗೆ ಎರಡು ಬಾರಿ ನಡೆದ ಆ ದಾಳಿಗಳು ಕೊರಿಯವನ್ನು ಸುಟ್ಟು ಬರಿದುಮಾಡಿದವು. ಕೊಂದವರ ಲೆಕ್ಕ ತೋರಿಸಲು ಸೈನಿಕರು ಹೆಣಗಳ ಮೂಗು ಕೊಯ್ದು ಉಪ್ಪಿನಲ್ಲಿಟ್ಟು ಜಪಾನಿಗೆ ಕಳಿಸಿದರು. ಅವನ್ನು ಹೂತ ದಿಬ್ಬ ಕ್ಯೋತೊ ನಗರದಲ್ಲಿ ಇಂದಿಗೂ ಇದೆ. ಅದೇ ಹಡಗುದಾರಿಯಲ್ಲಿ ಜೀವಂತವಾಗಿ ಬಂದವರು ಕುಂಬಾರರು. ಪಡುವಣ ಜಪಾನಿನ ಪಾಳೆಯಗಾರರು ಪೈಪೋಟಿಗೆ ಬಿದ್ದು ಅವರನ್ನು ಕರೆತಂದರು. ಎಷ್ಟೆಂದರೆ ಜಪಾನಿನಲ್ಲಿ ಈ ಯುದ್ಧಕ್ಕೆ ಬಟ್ಟಲುಗಳ ಯುದ್ಧ ಎಂಬ ಹೆಸರೇ ಇದೆ. ಅರಿತಾ, ಕರತ್ಸು, ಸತ್ಸುಮಾ, ಹಗಿ – ಇಂದು ಜಪಾನಿ ಕುಂಬಾರಿಕೆಯ ಹೆಮ್ಮೆಯೆಂದು ಎಣಿಸುವ ಈ ಊರುಗಳೆಲ್ಲ ಆ ಕೈಗಳಿಗೆ ಋಣಿ.

ಹಗಿಗೆ ಬಂದವರು ಯಿ ಜಕ್‌ಗ್ವಾಂಗ್ ಮತ್ತು ಯಿ ಗ್ಯೊಂಗ್ ಎಂಬ ಅಣ್ಣತಮ್ಮಂದಿರು. ಅವರ ಒಡೆಯ ಮೋರಿ ತೆರುಮೊತೊ 1600ರ ಸೆಕಿಗಹಾರಾ ಕದನದಲ್ಲಿ ಸೋತ ಪಕ್ಷದವನು. ಸೀಮೆಯ ಬಹುಭಾಗ ಕಳೆದುಕೊಂಡು 1604ರಲ್ಲಿ ಹಗಿಯಲ್ಲಿ ಹೊಸ ಕೋಟೆ ಕಟ್ಟಿಸಿದ, ಕುಂಬಾರರೂ ಅವನೊಡನೆ ಬಂದರು. ತಮ್ಮನಿಗೆ 1625ರಲ್ಲಿ ಸಾಕಾ ಕೊರೈಜಾಯೆಮೋನ್ ಎಂಬ ಹೆಸರು ದಯಪಾಲಿಸಲಾಯಿತು. ಕೊರೈ ಎಂದರೆ ಕೊರಿಯ. ಅವರಿಗೆ ಉಂಬಳಿ ಸಿಕ್ಕಿತು, ಸ್ಥಾನ ಸಿಕ್ಕಿತು. ಅವರನ್ನು ಬರೀ ಗುಲಾಮರೆಂದು ಚಿತ್ರಿಸಿದರೆ ಸತ್ಯಕ್ಕೆ ಅಪಚಾರವಾದೀತು. ಆದರೆ ಮರಳಿ ಹೋಗುವ ದಾರಿ ಸಿಗಲಿಲ್ಲ. ಸತ್ಸುಮಾದ ನಾಯೆಶಿರೊಗಾವಾ ಹಳ್ಳಿಯಲ್ಲಂತೂ ದೊರೆಗಳು ಕೊರಿಯದವರನ್ನು ಅವರ ಹೆಸರು, ಉಡುಗೆಗಳಲ್ಲೇ ಇನ್ನೂರೈವತ್ತಕ್ಕೂ ಹೆಚ್ಚು ವರ್ಷ ಪ್ರತ್ಯೇಕವಾಗಿ ಇರಿಸಿದ್ದರು. ಆ ಹಳ್ಳಿಯಲ್ಲಿ ಪಾಕ್ ಮನೆತನದಲ್ಲಿ 1882ರಲ್ಲಿ ಹುಟ್ಟಿದ ಮಗುವಿಗೆ ತಂದೆ ಕೆಲವು ವರ್ಷದಲ್ಲಿ ತೋಗೊ ಎಂಬ ಜಪಾನಿ ಕುಲನಾಮ ಕೊಂಡುಕೊಟ್ಟ. ಆ ಮಗು ಮುಂದೆ ತೋಗೊ ಶಿಗೆನೊರಿ, ಎರಡನೆಯ ಮಹಾಯುದ್ಧ ಜಪಾನಿಗೆ ಮೊದಲಾದಾಗಲೂ ಮುಗಿದಾಗಲೂ ಆ ದೇಶದ ವಿದೇಶಾಂಗ ಸಚಿವ. ಹೆಸರು ಬದಲಿಸದೆ ಅಷ್ಟು ದೂರ ಬರಲು ಅವನಿಗೆ ಸಾಧ್ಯವಿತ್ತೇ?

ಈ ಬಟ್ಟಲುಗಳ ಬಗ್ಗೆ 20ನೆಯ ಶತಮಾನದಲ್ಲಿ ಎಲ್ಲರಿಗಿಂತ ಪ್ರಭಾವಶಾಲಿಯಾಗಿ ಬರೆದವರು ಯನಾಗಿ ಸೋಯೆತ್ಸು (1889–1961). ಅವರ ಬಗ್ಗೆ ನನಗೆ ಗೌರವವಿದೆ. ಕೊರಿಯ ಜಪಾನಿನ ವಸಾಹತಾಗಿದ್ದಾಗ ಅವರು ಅದರ ಪರವಾಗಿ ಬಹಿರಂಗವಾಗಿ ಬರೆದರು. ಸೋಲ್‌ನ ಅರಮನೆಯ ಗ್ವಾಂಗ್‌ಹ್ವಾಮುನ್ ಹೆಬ್ಬಾಗಿಲನ್ನು ಕೆಡವಲು ಹೊರಟಾಗ 1922ರಲ್ಲಿ ಪ್ರತಿಭಟಿಸಿದರು, 1924ರಲ್ಲಿ ಅಲ್ಲಿ ಕೊರಿಯದ ಜನಪದ ಕಲೆಯ ವಸ್ತುಸಂಗ್ರಹಾಲಯ ತೆರೆದರು. 1931ರಲ್ಲಿ ಅವರು ಕ್ಯೋತೊದ ದಾಯಿತೊಕುಜಿ ಮಠದಲ್ಲಿರುವ ಕಿಜಾಯೆಮೋನ್ ಎಂಬ ಇದೊ ಬಟ್ಟಲನ್ನು ಕೈಯಾರೆ ಹಿಡಿದು ನೋಡಿದರು. ಇದು ಬಡ ಕೊರಿಯನ್ನನ ಅನ್ನದ ಬಟ್ಟಲು, ಓದುಬರಹವಿಲ್ಲದ ಕುಂಬಾರ ಏನನ್ನೂ ಯೋಚಿಸದೆ ಮಾಡಿದ್ದು, ಅದಕ್ಕೆಂದೇ ಇದರಲ್ಲಿ ಕಳಂಕವಿಲ್ಲದ ಚೆಲುವಿದೆ ಎಂಬುದು ಅವರು ಮುಟ್ಟಿದ ತೀರ್ಮಾನ. ಹೆಸರಿಲ್ಲದ ಕುಶಲಕರ್ಮಿಯ ಚೆಲುವು ಎಂಬ ಅವರ ದರ್ಶನಕ್ಕೆ ಆ ಬಟ್ಟಲು ಕಳಶವಾಯಿತು.

ಇಲ್ಲಿ ನಾನು ಅವರ ಜೊತೆ ಹೋಗಲಾರೆ. ಅದು ಅನ್ನದ ಬಟ್ಟಲೇ ಎಂಬುದೇ ಚರ್ಚೆಯ ವಿಷಯ. ಪೂಜೆಗೆ, ಪಿತೃಕಾರ್ಯಕ್ಕೆ ಬಳಸುತ್ತಿದ್ದ ಪಾತ್ರೆಯಿರಬಹುದು ಎಂದು ವಾದಿಸುವ ವಿದ್ವಾಂಸರಿದ್ದಾರೆ. ಅದು ಹಾಗಿರಲಿ. ಬೂದಿ ತೊಳೆದು, ಕಲ್ಲು ಅರೆದು, ಮಣ್ಣು ಹದಮಾಡಿ, ಕಣ್ಣಳತೆಯಿಂದಲೇ ಕಾವು ಗುರುತಿಸಿ ಒಲೆ ಮುಚ್ಚುವವನು ಯೋಚಿಸುವುದಿಲ್ಲ ಎಂದು ಹೇಳುವುದು ಹೇಗೆ? ಬರೆದಿಡದ ಯೋಚನೆಯೂ ಯೋಚನೆಯೇ. ಓದು ಬಲ್ಲವರು ಓದು ಬಾರದವರ ಕೆಲಸ ಕಂಡು ಬೆರಗಾದಾಗ ಅದನ್ನು ಮುಗ್ಧತೆಗೆ, ಪ್ರಕೃತಿಗೆ, ದೈವಕೃಪೆಗೆ ಒಪ್ಪಿಸಿಬಿಡುವುದು ಎಲ್ಲ ದೇಶಗಳಲ್ಲೂ ಕಂಡುಬರುವ ಚಾಳಿ. ಅದರಲ್ಲಿ ಪ್ರೀತಿಯಿದೆ, ಆದರೆ ಬುದ್ಧಿಯ ಪಾಲು ಮಾತ್ರ ನೋಡಿದವನ ಹತ್ತಿರವೇ ಉಳಿಯುತ್ತದೆ. ಯನಾಗಿಯವರ ಮಾತಿನಲ್ಲಿ ಕೊರಿಯದ ಕುಂಬಾರ ಸೌಂದರ್ಯವನ್ನು ಹೆರುತ್ತಾನೆ, ಜಪಾನಿನ ಚಹಾ ಗುರು ಅದನ್ನು ಅರಿಯುತ್ತಾನೆ. ವಸಾಹತಿನ ಕಾಲದಲ್ಲಿ ಈ ಹಂಚಿಕೆ ನಿರುಪದ್ರವಿಯಾಗಿರಲಿಲ್ಲ, ಕೊರಿಯದ ವಿಮರ್ಶಕರು ಮುಂದೆ ಅದನ್ನು ಎತ್ತಿ ತೋರಿಸಿದ್ದು ನ್ಯಾಯವೇ.

ಹೆಸರಿಲ್ಲದಿರುವುದರ ಬಗ್ಗೆಯೂ ಒಂದು ಮಾತು. ಯನಾಗಿಯವರ ಆಪ್ತ ಮಿತ್ರ, ಮಾಶಿಕೊ ಊರಿನ ಹಮಾದಾ ಶೋಜಿ ತಮ್ಮ ಬಟ್ಟಲುಗಳಿಗೆ ಮುದ್ರೆ ಒತ್ತುತ್ತಿರಲಿಲ್ಲ. ಪ್ರಾಮಾಣಿಕವಾದ ನಿಲುವು ಅದು. ಆದರೆ ಬಟ್ಟಲಿಡುವ ಮರದ ಪೆಟ್ಟಿಗೆಯ ಮೇಲೆ ಅವರ ಬರಹವಿರುತ್ತಿತ್ತು, 1955ರಲ್ಲಿ ಜಪಾನ್ ಸರ್ಕಾರ ಮೊದಲ ಬಾರಿ ಜೀವಂತ ರಾಷ್ಟ್ರೀಯ ನಿಧಿಗಳನ್ನು ಆರಿಸಿದಾಗ ಅವರ ಹೆಸರು ಪಟ್ಟಿಯಲ್ಲಿತ್ತು. ಹೆಸರು ಬಿಡುವುದು ಹೆಸರಿದ್ದವರಿಗೆ ಸಾಧ್ಯವಾಗುವ ತ್ಯಾಗ. ಹಡಗಿನಲ್ಲಿ ಬಂದವರಲ್ಲಿ ಹೆಚ್ಚಿನವರ ಹೆಸರನ್ನು ಯಾರೂ ಬರೆದಿಡಲೇ ಇಲ್ಲ. ಅದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಇಂದು ಜಪಾನಿನಲ್ಲಿ ರಾಷ್ಟ್ರೀಯ ನಿಧಿಯೆಂದು ಘೋಷಿತವಾದ ಚಹಾ ಬಟ್ಟಲುಗಳು ಎಂಟು: ಐದು ಚೀನದವು, ಕಿಜಾಯೆಮೋನ್ ಒಂದು ಕೊರಿಯದ್ದು, ಉಳಿದೆರಡು ಮಾತ್ರ ಜಪಾನಿನಲ್ಲಿ ಮಾಡಿದವು. ಎಂಟರಲ್ಲಿ ಮಾಡಿದವನ ಹೆಸರು ಖಚಿತವಾಗಿ ಗೊತ್ತಿರುವುದು ಒಂದಕ್ಕೇ, ಹೊನಾಮಿ ಕೋಯೆತ್ಸುವಿನ ‘ಫುಜಿ ಪರ್ವತ’ಕ್ಕೆ. ಕಿಜಾಯೆಮೋನ್ ಎಂಬುದು ಅದನ್ನು ಮಾಡಿದವನ ಹೆಸರಲ್ಲ, ಒಂದು ಕಾಲದಲ್ಲಿ ಅದನ್ನು ಇಟ್ಟುಕೊಂಡಿದ್ದ ಒಸಾಕಾದ ವರ್ತಕನದು.

ಅಪೂರ್ಣತೆಯ ಸಿದ್ಧಾಂತದಿಂದ ಇಂದಿನ ಕುಂಬಾರರಿಗೆ ಆಗುವ ಹಾನಿ ಬೇರೆ. ಸೊಟ್ಟಗಿರುವುದೇ ಕೈಕೆಲಸದ ಗುರುತು ಎಂದಾದಾಗ ಸೊಟ್ಟಗಿನ ಅಚ್ಚು ಮಾಡಿಸಿ ಸಾವಿರಗಟ್ಟಲೆ ಒತ್ತುವುದು ಕಾರ್ಖಾನೆಗೆ ಕಷ್ಟವಲ್ಲ. ಅಂಗಡಿಗಳಲ್ಲಿ ಅಂಥ ಸರಕು ಈಗಾಗಲೇ ತುಂಬಿದೆ. ಹೊಸದಾಗಿ ತಿಗರಿ ಹಿಡಿದವರಿಗೂ ಅರೆಬರೆ ಕೆಲಸವನ್ನು ತತ್ವದ ಹೆಸರಲ್ಲಿ ಸಮರ್ಥಿಸಿಕೊಳ್ಳುವ ಆಸೆ ಹುಟ್ಟುತ್ತದೆ. ಮಣ್ಣು ಎಲ್ಲಿಯದು, ಬೂದಿ ಯಾವುದರದು, ಎಷ್ಟು ತೊಳೆದದ್ದು ಎಂದು ಕೇಳುವ ಗಿರಾಕಿ ಇಲ್ಲವಾದರೆ ಆ ಶ್ರಮ ಪಡುವವರಿಗೆ ಅನ್ನ ಹುಟ್ಟುವುದೆಲ್ಲಿ?

ಹಗಿಯಲ್ಲಿ ಈ ಪ್ರಶ್ನೆಗೆ ಸಿಕ್ಕ ಉತ್ತಮ ಉತ್ತರ ಮಿವಾ ಮನೆತನದ್ದು. 17ನೆಯ ಶತಮಾನದಿಂದ ದೊರೆಗಳ ಆವಿಗೆ ನಡೆಸಿದ ಮನೆ ಅದು. ಮೇಜಿ ಕಾಲದಲ್ಲಿ ಸಂಸ್ಥಾನಗಳು ರದ್ದಾದಾಗ ಆಶ್ರಯ ಹೋಯಿತು, ಹಗಿಯ ಆವಿಗೆಗಳು ಕಷ್ಟಕ್ಕೆ ಬಿದ್ದವು. ಆ ಮನೆಯ ಹತ್ತನೆಯ ಕ್ಯೂಸೆತ್ಸು (1895–1981) ಮತ್ತು ಅವರ ತಮ್ಮ, ಹನ್ನೊಂದನೆಯ ಕ್ಯೂಸೆತ್ಸು (1910–2012), ಹುಲ್ಲುಬೂದಿಯ ಹಳೆಯ ಗ್ಲೇಜನ್ನೇ ಹಿಡಿದು ವರ್ಷಗಟ್ಟಲೆ ದುಡಿದು, ದಪ್ಪನೆಯ, ಮೃದುವಾದ ಹೊಸ ಬಿಳುಪೊಂದನ್ನು ಪಡೆದರು. ಕ್ಯೂಸೆತ್ಸು ಬಿಳುಪು ಎಂದೇ ಅದಕ್ಕೆ ಹೆಸರಾಯಿತು. ಸಾಂಪ್ರದಾಯಿಕ ಹಗಿ ಗ್ಲೇಜ್ ಎಂದು ಇಂದು ಹಲವರು ಮೆಚ್ಚುವ ಆ ಹಿಮದಂಥ ಬಿಳಿ ವಾಸ್ತವವಾಗಿ 20ನೆಯ ಶತಮಾನದ್ದು, ಮಾಡಿದವರ ಹೆಸರು ಹೊತ್ತದ್ದು. ಅಣ್ಣನಿಗೆ 1970ರಲ್ಲಿ, ತಮ್ಮನಿಗೆ 1983ರಲ್ಲಿ ಜೀವಂತ ರಾಷ್ಟ್ರೀಯ ನಿಧಿಯ ಗೌರವ ಬಂತು.

ತಮ್ಮ ಅಲ್ಲಿಗೆ ನಿಲ್ಲಲಿಲ್ಲ. ಮಣ್ಣಿಗೆ ದಪ್ಪ ಮರಳು ಬೆರೆಸಿ ‘ಓನಿ ಹಗಿ’, ಅಂದರೆ ರಾಕ್ಷಸ ಹಗಿ, ಎಂಬ ಬಟ್ಟಲುಗಳನ್ನು ಮಾಡಿದರು. ಮೈಯೆಲ್ಲ ಹರಳು ಹರಳು, ಬಿಳಿ ಗ್ಲೇಜ್ ಅಲ್ಲಲ್ಲಿ ಹರಿದು ಅಲ್ಲಲ್ಲಿ ತಡೆದು ನಿಂತಿದೆ, ಕೆಳಗಿನ ಬಳೆಯನ್ನು ಶಿಲುಬೆಯಾಕಾರದಲ್ಲಿ ಆಳವಾಗಿ ಕಡಿದಿದ್ದಾರೆ. ಮೊದಲ ನೋಟಕ್ಕೆ ಒರಟುತನದ ಪರಮಾವಧಿ. ಆದರೆ ಅಷ್ಟು ಮರಳು ಸೇರಿದ ಮಣ್ಣು ತಿಗರಿಯ ಮೇಲೆ ಅಂಗೈ ಉಜ್ಜುತ್ತದೆ, ಎತ್ತಿದರೆ ಹರಿಯುತ್ತದೆ, ಆವಿಗೆಯಲ್ಲಿ ಸೀಳುತ್ತದೆ. ಅದು ನಿಲ್ಲುವಂತೆ ಮಾಡಲು ಮರಳಿನ ಗಾತ್ರ, ಪ್ರಮಾಣ, ಗ್ಲೇಜಿನ ದಪ್ಪ, ಕಾವಿನ ಏರಿಳಿತ ಎಲ್ಲವನ್ನೂ ಹೊಸದಾಗಿ ಗೊತ್ತುಮಾಡಿಕೊಳ್ಳಬೇಕು. ದಶಕಗಳಿಂದ ಪಳಗಿದ ಕೈಯೊಂದು, ಮಣ್ಣಿನ ನಯ ಒರಟುಗಳೆರಡನ್ನೂ ಬಲ್ಲ ಕೈ, ಆ ಕೆಲಸ ಮಾಡಿತು.